ಮೊದಲು ಒಡತಿಗೆ, ಆಮೇಲೆ ಕುದುರೆಗೆ

ಮಾರ್ಚ್ ೪

ಡಾಕ್ಟರಮ್ಮನಿಗೆ,

ಬೆಳಿಗ್ಗೆ ಎದ್ದು ಲಾಯದ ಬಾಗಿಲು ತೆಗೆದರೆ ಇವತ್ತು ಕುದುರೆಗಳೇ ಇರಲಿಲ್ಲ. ಬರೀ ಮಂಜು. ಹುಲ್ಲಿನ ಮೇಲೆ, ನೀರಿನ ತೊಟ್ಟಿಯ ಮೇಲೆ, ಗೋಡೆಗೆ ನೇತುಹಾಕಿದ ಲಗಾಮುಗಳ ಮೇಲೆ, ತನ್ನದೇ ಮನೆ ಅನ್ನುವ ಹಾಗೆ ಕೂತುಬಿಟ್ಟಿತ್ತು. ಎದೆ ಧಸಕ್ಕೆಂದು "ಬೂದೀ" ಅಂದೆ. ಆ ಮಂಜಿನದೇ ಒಂದು ತುಂಡು ತಲೆಯೆತ್ತಿ ನನ್ನ ಕಡೆ ನೋಡಿತು. ಅವಳ ಮೈಬಣ್ಣ ನಿನಗೆ ಗೊತ್ತಲ್ಲ. ಲವಂಗ ಮೂಲೆಯಲ್ಲಿ ನಿಂತಲ್ಲೇ ನಿದ್ದೆ ಹೋಗಿದ್ದ. ಏನು ಕನಸು ಕಾಣುತ್ತಿದ್ದನೋ, ಕೆಳತುಟಿ ಅಲ್ಲಾಡುತ್ತಿತ್ತು. ಎಬ್ಬಿಸಲು ಮನಸ್ಸಾಗದೆ ಬಾಗಿಲಿಗೆ ಒರಗಿ ನಿಂತೆ.

ಫೋನಿನಲ್ಲಾದರೆ ಇಬ್ಬರೂ ಅಳುತ್ತೇವೆ, ಇಲ್ಲ ಜಗಳ ಆಡುತ್ತೇವೆ, ಕಾಗದವೇ ವಾಸಿ ಅಂತ ನೀನು ಹೇಳಿ ಹೋಗಿ ಎರಡು ವರ್ಷವಾಯಿತು. ಕಾಗದದಲ್ಲೂ ಕುದುರೆಗಳ ವಿಷಯ ಬಿಟ್ಟು ಬೇರೇನೂ ಬರೆಯಬಾರದು ಅಂತ ಷರತ್ತು ಹಾಕಿದ್ದೀಯ. ಆದ್ದರಿಂದ ನಿನ್ನ ಗಂಡನ ವಿಷಯ ನಾನು ಬರೆಯುವುದಿಲ್ಲ. ಚೆನ್ನಾಗಿದ್ದಾನೆ, ಲಾಳ ಹೊಡೆಯುತ್ತಿದ್ದಾನೆ, ಬಾಯಿಗೆ ಬೀಗ ಹಾಕಿಕೊಂಡಿದ್ದಾನೆ, ಅಷ್ಟೇ.

ಹೋದ ವಾರ ಕುದುರೆಗಳಿಗೆ ಸೂಜಿ ಹಾಕಿಸಿದೆ. ಧನುರ್ವಾಯುವಿನದು, ಕುದುರೆ ಜ್ವರದ್ದು, ಎರಡೂ ಆಯಿತು. ಜಂತುಹುಳದ ಔಷಧವೂ ಆಯಿತು. ಲವಂಗ ಅರ್ಧ ನುಂಗಿದ, ಇನ್ನರ್ಧ ನನ್ನ ಮುಖಕ್ಕೆ ಉಗಿದ. ಹೊಸ ಡಾಕ್ಟರು ಒಳ್ಳೆಯವನೇ, ಆದರೆ ಒಂದು ಕಣ್ಣು ಕುದುರೆಯ ಮೇಲಿದ್ದರೆ ಇನ್ನೊಂದು ಗಡಿಯಾರದ ಮೇಲೆ. ನೀನಿದ್ದಾಗ ನರ್ಸಮ್ಮನನ್ನು ಲಾಯಕ್ಕೇ ಕರೆಸಿ, ಹುಲ್ಲಿನ ಹೊರೆಯ ಮೇಲೆ ನನ್ನನ್ನು ಕೂರಿಸಿ, ಮೊದಲು ಒಡತಿಗೆ ಸೂಜಿ ಆಮೇಲೆ ಕುದುರೆಗೆ ಅಂತ ಮಾಡುತ್ತಿದ್ದೆಯಲ್ಲ, ಅದೆಲ್ಲ ಅವನಿಗೆ ಗೊತ್ತಿಲ್ಲ. ನಾನೂ ಬಾಯಿ ಬಿಡಲಿಲ್ಲ. ಕುದುರೆ ಕಂಡರೆ ಕಾಲುನೋವು ಅನ್ನುತ್ತಾರೆ, ನನಗೆ ಸೂಜಿ ಕಂಡರೆ ಮೈಯೆಲ್ಲ ಆರೋಗ್ಯ!

ಒಂದು ಮಾತು ಕೇಳಬೇಕಿತ್ತು. ಬೂದಿಯ ನಾಡಿ ಸರಿಯಿಲ್ಲ. ನಾಲ್ಕು ಸಲ ಬಡಿಯುತ್ತದೆ, ಐದನೆಯದು ಬರುವುದಿಲ್ಲ. ಬಂತೋ ಬಂತೋ ಅಂತ ಕಾಯಬೇಕು. ಆಮೇಲೆ ಏನೂ ಆಗಿಲ್ಲವೆಂಬಂತೆ ಮತ್ತೆ ಶುರುವಾಗುತ್ತದೆ. ಇದು ಹೆದರುವಂಥದ್ದೇ? ನೀನು ಬಂದೇ ನೋಡಬೇಕು ಅಂತಲ್ಲ. ಬಂದರೆ ಬೇಡ ಅನ್ನುವುದಿಲ್ಲ.

ನಿನ್ನ ಅತ್ತೆ


ಮಾರ್ಚ್ ೧೫

ಅತ್ತೆಗೆ,

ಈ ಕುದುರೆ ಫಾರಂನಲ್ಲಿ ನನ್ನ ಕೋಣೆ ಔಷಧದ ಉಗ್ರಾಣದ ಮೇಲಿದೆ. ಕಿಟಕಿ ತೆಗೆದರೆ ಕುದುರೆಮರಿಗಳ ಬಯಲು, ಅದರಾಚೆ ಸಮುದ್ರ. ಸಂಜೆ ಹೊತ್ತು ನೀರು ಯಾವುದು ಹುಲ್ಲು ಯಾವುದು ಗೊತ್ತಾಗುವುದಿಲ್ಲ, ಮರಿಗಳು ಅಲೆಯ ಮೇಲೇ ಓಡುತ್ತಿವೆ ಅನ್ನಿಸುತ್ತದೆ. ನಿಮ್ಮ ಕಾಗದವನ್ನು ಆ ಕಿಟಕಿಯಲ್ಲಿ ಕೂತು ಎರಡು ಸಲ ಓದಿದೆ.

ಬೂದಿಯ ಬಗ್ಗೆ ಹೆದರಬೇಡಿ. ಕುದುರೆಯ ಹೃದಯ ದೊಡ್ಡದು, ಸ್ವಲ್ಪ ಸೋಮಾರಿಯೂ ಹೌದು. ಸುಮ್ಮನೆ ನಿಂತಿರುವಾಗ ಅಷ್ಟೊಂದು ದುಡಿದು ಏನು ಮಾಡಲಿ ಅಂತ ನಡುನಡುವೆ ಒಂದು ಬಡಿತವನ್ನು ಬಿಟ್ಟುಬಿಡುತ್ತದೆ. ಗಟ್ಟಿಮುಟ್ಟಾದ ಎಷ್ಟೋ ಕುದುರೆಗಳಲ್ಲಿ ಇದು ಇದ್ದದ್ದೇ. ಒಂದಿಷ್ಟು ಓಡಿಸಿ ನೋಡಿ. ಓಡಿಸಿದ ಕೂಡಲೇ ನಾಡಿ ಸರಿಹೋದರೆ ಅದು ಕಾಯಿಲೆಯೇ ಅಲ್ಲ.

ಈಗ ನಾನು ಷರತ್ತು ಮುರಿಯುತ್ತೇನೆ. ನೀವು ಸೂಜಿ ಹಾಕಿಸಿಕೊಳ್ಳದೆ ಕುದುರೆಗಳಿಗೆ ಮಾತ್ರ ಹಾಕಿಸಿದ್ದು ಓದಿ ನನಗೆ ಸಿಟ್ಟು ಬಂತು. ಮಾವನವರು ಹೋದದ್ದು ಹೇಗೆ ಅಂತ ನಾನು ನೆನಪಿಸಬೇಕೇ? ಆ ವರ್ಷ ಲಾಯದ ಎಲ್ಲಾ ಕುದುರೆಗಳಿಗೂ ಧನುರ್ವಾಯುವಿನ ಸೂಜಿ ಆಗಿತ್ತು. ಲಾಳದ ಹಳೇ ಮೊಳೆ ಚುಚ್ಚಿದ್ದು ಕುದುರೆಗಲ್ಲ, ಅವರ ಅಂಗೈಗೆ. ಆಮೇಲೆ ಆಸ್ಪತ್ರೆಗೆ ಓಡಿದ್ದೆಲ್ಲ ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಾಯಿತು. ನಾನು ಮದುವೆಯಾಗಿ ಬಂದ ಹೊಸತರಲ್ಲಿ ನೀವು ಈ ಕಥೆ ಹೇಳಿ ಅತ್ತಿರಿ. ಮೊದಲು ಒಡತಿಗೆ, ಆಮೇಲೆ ಕುದುರೆಗೆ ಅನ್ನುವ ನೇಮ ನಾನು ಮಾಡಿದ್ದು ಅವತ್ತೇ. ನಾನು ಆ ಮನೆ ಬಿಟ್ಟರೆ ನೇಮವೂ ಬಿಟ್ಟಂತೆಯೇ?

ನರ್ಸಮ್ಮನನ್ನು ಕರೆಸಿ. ಸೂಜಿ ಹಾಕಿಸಿಕೊಳ್ಳಿ, ಬಿಪಿ ನೋಡಿಸಿಕೊಳ್ಳಿ. ಕಾಗದದಲ್ಲಿ ಬರೆದು ತಿಳಿಸಿ. ಲವಂಗನ ತುಟಿಗೆ ನನ್ನದೊಂದು ಮುತ್ತು.

ಇಂತಿ,
ನಿಮ್ಮ ಕುದುರೆ ಡಾಕ್ಟರು


ಏಪ್ರಿಲ್ ೨

ಡಾಕ್ಟರಮ್ಮನಿಗೆ,

ನಿನ್ನ ಕಾಗದ ಓದಿ ಎದೆಯ ಮೇಲಿನ ಕಲ್ಲು ಇಳಿಯಿತು. ಸೋಮಾರಿ ಹೃದಯ ಅಂತ ಬರೆದಿದ್ದೀಯಲ್ಲ, ಓದಿ ಓದಿ ನಕ್ಕೆ. ಎಷ್ಟು ವರ್ಷ ದುಡಿದಿದೆ, ಈಗ ಒಂದು ಬಡಿತ ಬಿಟ್ಟರೆ ಬಿಡಲಿ ಬಿಡು.

ಬಿಸಿಲು ಏರಿದ ಮೇಲೆ ಸಾರೋಟು ಕಟ್ಟಿ ಕೆರೆ ದಂಡೆಗೆ ಹೋಗುತ್ತೇನೆ. ನೋಡಲು ಬಂದವರನ್ನು ಕೂರಿಸಿಕೊಂಡು ಒಂದು ಸುತ್ತು, ಇಳಿಸಿ ಮತ್ತೊಂದು ಸುತ್ತು. ಲವಂಗನೇ ಎಳೆಯುತ್ತಾನೆ, ಬೂದಿಗೆ ವಯಸ್ಸಾಯಿತು, ಸುಮ್ಮನೆ ಪಕ್ಕದಲ್ಲಿ ನಡೆದು ಬರುತ್ತಾಳೆ. ಇತ್ತೀಚೆಗೆ ಆ ದಾರಿಯಲ್ಲಿ ಒಂದೊಂದು ಸಲ ಏನೋ ಆಗುತ್ತದೆ. ಗೊರಸಿನ ಸದ್ದು ಕೇಳುತ್ತಾ ಕೇಳುತ್ತಾ ದೂರ ಹೋಗುತ್ತದೆ. ಕೆರೆ ಬೆಳ್ಳಗಾಗುತ್ತದೆ, ಮರಗಳು ಬೆಳ್ಳಗಾಗುತ್ತವೆ. ನಿನ್ನ ಮಾವ ದಂಡೆಯ ಮೇಲೆ ನಿಂತು ಕೈಯಲ್ಲಿ ಲಾಳ ಹಿಡಿದು ಇದು ಯಾರದು ಅಂತ ಕೇಳುತ್ತಾರೆ. ನಾನು ಉತ್ತರ ಹೇಳಬೇಕು ಅನ್ನುವಷ್ಟರಲ್ಲಿ ಗೊರಸಿನ ಸದ್ದು ವಾಪಸು ಬರುತ್ತದೆ. ಬಿಸಿಲಿನ ಕನಸು ಇರಬೇಕು. ಬಹಳ ಹಿತವಾಗಿರುತ್ತದೆ, ಸುಳ್ಳು ಯಾಕೆ ಹೇಳಲಿ.

ಒಂದು ಕೇಳುತ್ತೇನೆ, ನಗಬೇಡ. ಆ ಒಂದು ಬಡಿತ ತಪ್ಪಿದಾಗ ಕುದುರೆಗೆ ಏನನ್ನಿಸುತ್ತದೆ? ಮಂಜಿನೊಳಗೆ ಕಾಲಿಟ್ಟ ಹಾಗೆ, ನೆಲ ಇದೆಯೋ ಇಲ್ಲವೋ ಅಂತ ಅನ್ನಿಸುತ್ತದೆಯೇ?

ಸೂಜಿಯ ವಿಷಯ: ನರ್ಸಮ್ಮ ಊರಲ್ಲಿಲ್ಲ. ಬಂದ ಮೇಲೆ ನೋಡೋಣ. ನನಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೇನೆ.

ನಿನ್ನ ಅತ್ತೆ


ಏಪ್ರಿಲ್ ೨೦

ಅತ್ತೆಗೆ,

ಇಲ್ಲಿ ಹೆಣ್ಣು ಕುದುರೆಗಳು ಒಂದರ ಹಿಂದೆ ಒಂದು ಮರಿ ಹಾಕುತ್ತಿವೆ, ಉಸಿರಾಡಲು ಪುರುಸೊತ್ತಿಲ್ಲ. ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ.

ಬಡಿತ ತಪ್ಪಿದ್ದು ಕುದುರೆಗೆ ಗೊತ್ತೇ ಆಗುವುದಿಲ್ಲ ಅತ್ತೆ. ಅವು ಅಷ್ಟೆಲ್ಲ ಯೋಚಿಸುವುದಿಲ್ಲ, ಅದಕ್ಕೇ ಸುಖವಾಗಿವೆ. ಆದರೆ ಓಡಿಸಿ ನೋಡಿದಿರೋ ಇಲ್ಲವೋ ನೀವು ಬರೆಯಲಿಲ್ಲ. ಕೆರೆ ದಂಡೆಯ ನಡಿಗೆ ಸಾಲದು. ನೀರಿನ ಟ್ಯಾಂಕಿನ ಏರಿನಲ್ಲಿ ಬಿರಬಿರನೆ ಹತ್ತಿಸಿ, ಮೇಲೆ ಹೋದ ಕೂಡಲೇ ನಾಡಿ ನೋಡಿ. ಆಗ ಗೊತ್ತಾಗುತ್ತದೆ.

ಮೊನ್ನೆ ಮಧ್ಯಾಹ್ನ ಹುಲ್ಲಿನ ಮೇಲೆ ತಲೆಯಿಟ್ಟು ಒಂದು ಗಳಿಗೆ ಕಣ್ಣು ಮುಚ್ಚಿದ್ದೆ, ಬೂದಿ ಕನಸಿನಲ್ಲಿ ಬಂದಳು. ನನ್ನ ಕೋಣೆಯ ಮರದ ಮೆಟ್ಟಿಲನ್ನು ಸದ್ದೇ ಇಲ್ಲದೆ ಹತ್ತಿ ಬಂದು ಬಾಗಿಲಲ್ಲಿ ನಿಂತಿದ್ದಳು. ಮೈತುಂಬ ಮಂಜಿನ ಹನಿ. ನಾಡಿ ನೋಡೋಣ ಅಂತ ದವಡೆಯ ಕೆಳಗೆ ಕೈಯಿಟ್ಟರೆ ಬೆರಳಿಗೆ ಸಿಕ್ಕಿದ್ದು ತೆಳ್ಳಗಿನ ಒಂದು ಮಣಿಕಟ್ಟು. ಎಚ್ಚರವಾಯಿತು. ನಿದ್ದೆಗೆಟ್ಟವರಿಗೆ ಎಂತೆಂಥ ಕನಸು ಬೀಳುತ್ತದೆ ನೋಡಿ.

ನರ್ಸಮ್ಮ ಬಂದರೇ? ಈ ಪ್ರಶ್ನೆಯನ್ನು ಹಾರಿಸಬೇಡಿ.

ಇಂತಿ,
ನಿಮ್ಮ ಕುದುರೆ ಡಾಕ್ಟರು


ಮೇ ೬

ಡಾಕ್ಟರಮ್ಮನಿಗೆ,

ನೀನು ಹೇಳಿದ ಹಾಗೇ ಮಾಡಿದೆ. ಬೆಳಿಗ್ಗೆ ತಂಪು ಹೊತ್ತಿನಲ್ಲಿ ಬೂದಿಯನ್ನು ಟ್ಯಾಂಕಿನ ಏರಿನಲ್ಲಿ ಬಿರಬಿರನೆ ಹತ್ತಿಸಿದೆ. ಸರಿಹೋಗಲಿಲ್ಲ ಕಣೇ. ಅರ್ಧ ದಾರಿಯಲ್ಲಿ ಬಡಿತ ಒಂದಲ್ಲ, ಎಷ್ಟೋ ಒಟ್ಟಿಗೆ ತಪ್ಪಿಹೋದವು. ಕಣ್ಣಿಗೆ ಕತ್ತಲೆ ಬಂತು. ಪಾಪ, ಅಲ್ಲೇ ಕಲ್ಲಿನ ಮೆಟ್ಟಿಲ ಮೇಲೆ ಕೂತುಬಿಟ್ಟಿತು. ಸುತ್ತ ಎಲ್ಲ ಬೆಳ್ಳಗೆ, ಹಕ್ಕಿಗಳ ಸದ್ದು ಸಹ ಇಲ್ಲ. ಅವತ್ತು ದಂಡೆಯ ಮೇಲೆ ನಿಂತಿದ್ದವರು ಈ ಸಲ ಏನೂ ಕೇಳಲಿಲ್ಲ, ಪಕ್ಕದಲ್ಲಿ ಜಾಗ ಬಿಟ್ಟು ಸರಿದು ಕೂತರು. ಬಹಳ ಹೊತ್ತಾದ ಮೇಲೆ ಬೆವರು ಒರೆಸಿಕೊಂಡು, ಕಂಬಿ ಹಿಡಿದುಕೊಂಡು, ನಿಧಾನಕ್ಕೆ ಇಳಿದು ಬಂತು. ಒಂದು ಲೋಟ ಚಹಾ ಕುಡಿದ ಮೇಲೆ ಸುಧಾರಿಸಿತು.

ಈಗ ಏನೂ ಇಲ್ಲ, ಗಾಬರಿಯಾಗಬೇಡ. ಸುಮ್ಮನೆ ಕೇಳುತ್ತಿದ್ದೇನೆ, ಓಡಿಸಿದ ಮೇಲೂ ಸರಿಹೋಗದಿದ್ದರೆ ಅದಕ್ಕೆ ಏನು ಅನ್ನುತ್ತಾರೆ? ಅಂಥ ಕುದುರೆಯನ್ನು ಮಾರಿಬಿಡಬೇಕಾಗುತ್ತದೆಯೇ? ಏರಿನಲ್ಲಿ ಆದದ್ದನ್ನು ನಿನ್ನ ಗಂಡನಿಗೆ ಹೇಳಿಲ್ಲ. ಹೇಳಿದರೆ ಆಸ್ಪತ್ರೆ ಅನ್ನುತ್ತಾನೆ. ಆ ಆಸ್ಪತ್ರೆಯ ಬಾಗಿಲನ್ನು ನಿನ್ನ ಮಾವ ಒಂದೇ ಸಲ ದಾಟಿದ್ದು, ಒಳಗೆ ಹೋಗಲು.

ನಿನ್ನ ಅತ್ತೆ


ಮೇ ೧೦

ಅತ್ತೆ,

ಕನಸಿನಲ್ಲಿ ಬಿಟ್ಟರೆ ಬೇರೆಲ್ಲೂ ಕುದುರೆ ಮೆಟ್ಟಿಲ ಮೇಲೆ ಕೂರುವುದಿಲ್ಲ. ಬೆವರು ಒರೆಸಿಕೊಳ್ಳುವುದಿಲ್ಲ. ಚಹಾ ಕುಡಿಯುವುದಿಲ್ಲ.

ನಿಮ್ಮ ಕಾಗದ ಬೆಳಿಗ್ಗೆ ಬಂತು. ಓದಿ ಮುಗಿಸಿದ ಕೂಡಲೇ ನಿಮಗೆ ಫೋನ್ ಮಾಡಿದೆ, ನೀವು ಎತ್ತಲಿಲ್ಲ. ಎರಡು ವರ್ಷದ ಮೇಲೆ ಮೊದಲ ಸಲ ನಿಮ್ಮ ಮಗನಿಗೆ ಮಾಡಿದೆ. ಹಿಂದೆ ಸುತ್ತಿಗೆಯ ಸದ್ದು ಕೇಳುತ್ತಿತ್ತು.

"ಏನು?" ಅಂದರು.

"ಅತ್ತೆ ಎಲ್ಲಿದಾರೆ? ಹೋಗಿ ಕೈ ಹಿಡಿದು ನಾಡಿ ನೋಡಿ. ಈಗಲೇ."

"ಹುಷಾರಿಲ್ಲದ್ದು ಬೂದಿಗಲ್ವಾ? ಅಮ್ಮ ಹಾಗೇ ಹೇಳಿದ್ಲು."

"ಬೂದಿ ಚಹಾ ಕುಡೀತಾಳಾ?" ಅಂತ ಕಿರುಚಿದೆ.

ಸುತ್ತಿಗೆ ನೆಲಕ್ಕೆ ಬಿದ್ದದ್ದು ಕೇಳಿಸಿತು. ಅವರು ಫೋನ್ ಇಡುವುದನ್ನೂ ಮರೆತು ಅಂಗಳದಲ್ಲಿ ಓಡಿದರು. ಎಲ್ಲೋ ದೂರದಲ್ಲಿ "ಅಮ್ಮಾ, ಕೈ ಕೊಡು" ಅಂದದ್ದು ಕೇಳಿಸಿತು, ನೀವು "ಥೂ, ಬಿಡೋ, ಏನೂ ಆಗಿಲ್ಲ" ಅಂದದ್ದೂ ಕೇಳಿಸಿತು. ನಿಮ್ಮ ದನಿ ಕೇಳಿ ನಾನು ಗೋಡೆಗೆ ಒರಗಿ ಅತ್ತುಬಿಟ್ಟೆ. ಸಂಜೆ ಅವರೇ ಫೋನ್ ಮಾಡಿ ನಿಮ್ಮನ್ನು ದೊಡ್ಡಾಸ್ಪತ್ರೆಯಲ್ಲಿ ಸೇರಿಸಿದ್ದಾಗಿ ಹೇಳಿದರು. ಈ ಕಾಗದವನ್ನು ಅವರೇ ನಿಮಗೆ ಓದಿ ಹೇಳಲಿ. ಅವರ ಬಗ್ಗೆ ಇಲ್ಲಿ ಏನಾದರೂ ಇದ್ದರೆ ಅದನ್ನೂ ಓದಲಿ.

ಕುದುರೆಗೆ ಸಹಜವಾದದ್ದು ಮನುಷ್ಯರಿಗೆ ಸಹಜವಲ್ಲ ಅತ್ತೆ. ಹೆದರಬೇಡಿ ಅಂತ ನಾನು ಬರೆದದ್ದು ನಾಲ್ಕು ಕಾಲಿನವಳಿಗೆ. ಏರು ಹತ್ತಿಸಿ ಅಂದದ್ದೂ ಅವಳಿಗೇ. ಆ ಏರಿನಲ್ಲಿ ನೀವು ಎದ್ದೇಳದೇ ಹೋಗಿದ್ದರೆ, ನಾನು ಹೇಳಿದ ಹಾಗೆ ಮಾಡಿಯೇ ಹೋಗಿಬಿಡುತ್ತಿದ್ದಿರಿ. ಎರಡು ವರ್ಷದ ಹಿಂದೆ ನಮ್ಮ ಲಾಯದ ಕಂದು ಕುದುರೆ ಹೊಟ್ಟೆನೋವಿನಲ್ಲಿ ನನ್ನ ಕೈಯಲ್ಲಿ ಸತ್ತ ದಿನ ನಿಮ್ಮ ಮಗ ಎಲ್ಲರೆದುರು, "ಇಷ್ಟೆಲ್ಲ ಓದಿದ್ದು ಯಾತಕ್ಕೆ?" ಅಂದರು. ಅದೊಂದು ಮಾತಿಗೇ ನಾನು ಪೆಟ್ಟಿಗೆ ಕಟ್ಟಿದ್ದು. ಇವತ್ತು ಅದೇ ಮಾತನ್ನು ನಾನೇ ನನಗೆ ಅಂದುಕೊಂಡೆ. ಮಣಿಕಟ್ಟು ಯಾರದೆಂದು ಕನಸಿಗೆ ಗೊತ್ತಿತ್ತು, ಡಾಕ್ಟರಿಗೆ ಗೊತ್ತಾಗಲಿಲ್ಲ.

ಓಡಿ ಬರಬೇಕು ಅನ್ನಿಸುತ್ತಿದೆ, ಬರುವಂತಿಲ್ಲ. ಇಲ್ಲಿ ಕುದುರೆ ಜ್ವರ ಬಂದಿದೆ. ಗೇಟಿಗೆ ಬೀಗ ಹಾಕಿದ್ದಾರೆ, ಯಾರೂ ಹೊರಗೆ ಹೋಗುವ ಹಾಗಿಲ್ಲ. ನನ್ನ ಬಟ್ಟೆಯಲ್ಲಿ, ಬೂಟಿನಲ್ಲಿ ಅದು ಬಂದು ನಿಮ್ಮ ಲಾಯ ಸೇರಿದರೆ ಸೂಜಿ ಆಗಿದ್ದರೂ ಬೂದಿ ಈ ವಯಸ್ಸಿನಲ್ಲಿ ತಡೆಯಲಾರಳು. ನಿಮ್ಮ ಹತ್ತಿರ ಇರಬೇಕಾದ ಹೊತ್ತಿನಲ್ಲಿ ಇಲ್ಲಿ ಕೆಮ್ಮುವ ಕುದುರೆಗಳ ಮೂಗು ಒರೆಸುತ್ತಿದ್ದೇನೆ.

ಡಾಕ್ಟರು ಏನು ಹೇಳಿದರೂ ಒಪ್ಪಿಕೊಳ್ಳಿ. ನಿಮ್ಮ ಕಾಲಿಗೆ ಬೀಳುತ್ತೇನೆ. ಆ ಬಾಗಿಲಿನಿಂದ ಹೊರಗೆ ಬನ್ನಿ ಅತ್ತೆ.

ನಾನು


ಜೂನ್ ೧೧

ಮಗಳೇ,

ಹೊರಗೆ ಬಂದೆ.

ನಿನ್ನ ಗಂಡ ಆ ಕಾಗದ ಓದಿ ಹೇಳಿದ. "ಯಾತಕ್ಕೆ" ಅನ್ನುವಲ್ಲಿಗೆ ಬಂದು ನಿಲ್ಲಿಸಿದ. ನೀರು ಕುಡಿದ. ಆಮೇಲೆ ಅದೊಂದು ಸಾಲನ್ನು ಬಿಡದೆ, ಮೊದಲಿನಿಂದ, ಗಟ್ಟಿಯಾಗಿ ಓದಿದ. ಪಕ್ಕದ ಮಂಚದ ಹೆಂಗಸು ಸಹ ಮುಸುಕು ತೆಗೆದು ಕೇಳಿಸಿಕೊಂಡಳು.

ಹೃದಯದ ಡಾಕ್ಟರು ಒಳ್ಳೆಯ ಮನುಷ್ಯ. "ಯಾವಾಗಿಂದ ಹೀಗಿದೆ ಅಮ್ಮ?" ಅಂದ. "ಮಾರ್ಚಿಂದ" ಅಂದೆ. "ಮತ್ತೆ ಯಾರಿಗೂ ತೋರಿಸ್ಲಿಲ್ವಾ?" "ತೋರಿಸಿದ್ದೆ, ನನ್ನ ಸೊಸೆಗೆ. ದೊಡ್ಡ ಡಾಕ್ಟರು ಅವಳು." "ಯಾವ ಆಸ್ಪತ್ರೇಲಿ?" ಅಂದ. "ಕುದುರೆ ಆಸ್ಪತ್ರೇಲಿ" ಅಂದೆ. ನರ್ಸು ನಗು ತಡೆಯಲಾರದೆ ಹೊರಗೆ ಓಡಿದಳು. ಅವನು ಮಾತ್ರ ನಗಲಿಲ್ಲ. ಇನ್ನು ಸ್ವಲ್ಪ ದಿನ ಬಿಟ್ಟಿದ್ದರೆ ಉಳಿಯುತ್ತಿರಲಿಲ್ಲ ಅಂದ.

ಭುಜದ ಕೆಳಗೆ ಚರ್ಮದೊಳಗೆ ಸಣ್ಣದೊಂದು ಯಂತ್ರ ಇಟ್ಟಿದ್ದಾರೆ. ಪೇಸ್‌ಮೇಕರ್ ಅಂತೆ. ಹೃದಯ ಸೋಮಾರಿತನ ಮಾಡಿದರೆ ಅದು ತಟ್ಟಿ ಎಬ್ಬಿಸುತ್ತದಂತೆ. ಈಗ ನನ್ನ ನಾಡಿ ಒಂದು ಬಡಿತವನ್ನೂ ಬಿಡುವುದಿಲ್ಲ. ಬೆಳ್ಳನೆಯ ಕನಸೂ ಬೀಳುವುದಿಲ್ಲ. ಕೆರೆ ದಂಡೆಯಲ್ಲಿ ಗೊರಸಿನ ಸದ್ದು ಕೊನೆಯವರೆಗೂ ಕೇಳುತ್ತದೆ. ನಿನ್ನ ಮಾವ ಬರುವುದಿಲ್ಲ. ಅದೊಂದಕ್ಕೆ ನನಗೆ ಬೇಸರವಿದೆ, ನಿನ್ನ ಹತ್ತಿರ ಬಿಟ್ಟು ಇನ್ಯಾರ ಹತ್ತಿರ ಹೇಳಲಿ.

ಯಾಕೆ ಹಾಗೆ ಮಾಡಿದಿರಿ ಅಂತ ನೀನು ಕೇಳಲಿಲ್ಲ, ಕೇಳದಿದ್ದರೂ ಹೇಳುತ್ತೇನೆ. ಆಸ್ಪತ್ರೆಯ ಹೆದರಿಕೆ ಇತ್ತು, ನಿಜ. ಆದರೆ ನನಗೆ ಹುಷಾರಿಲ್ಲ ಅಂತ ಬರೆದರೆ ನೀನು ಡಾಕ್ಟರ ಹತ್ತಿರ ಹೋಗಿ ಅನ್ನುತ್ತೀಯ. ಬೂದಿಗೆ ಹುಷಾರಿಲ್ಲ ಅಂತ ಬರೆದರೆ ನೀನೇ ಬರುತ್ತೀಯ ಅಂದುಕೊಂಡೆ. ಹೆದರಬೇಡಿ ಅಂತ ನಿನ್ನ ಕಾಗದ ಬಂದ ದಿನ ಸಮಾಧಾನವೂ ಆಯಿತು, ಹಾಗಾದರೆ ಇವಳು ಬರುವುದಿಲ್ಲ ಅಂತ ಅಳುವೂ ಬಂತು. ನಿನ್ನ ಓದನ್ನು ಬೈಯಬೇಡ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತರಿಸಿದವಳು ನಾನು.

ನರ್ಸಮ್ಮ ಬಂದಿದ್ದಳು. ಲಾಯಕ್ಕೇ ಬಾ ಅಂದೆ. ಹುಲ್ಲಿನ ಹೊರೆಯ ಮೇಲೆ ಕೂತು ಬಿಪಿ ನೋಡಿಸಿಕೊಂಡೆ. ಸೂಜಿ ಮಾತ್ರ ಹಾಕಿಸಿಕೊಳ್ಳಲಿಲ್ಲ. ಮೈ ಇನ್ನಷ್ಟು ಸುಧಾರಿಸಲಿ, ಬರುವ ತಿಂಗಳು ಹಾಕಿಸಿಕೊಳ್ಳಿ ಅಂದಿದ್ದಾರೆ ಡಾಕ್ಟರು. ಸೂಜಿ ಹಾಕಲು ನನಗೆ ನನ್ನವರೇ ಬೇಕು ಅಂತ ನರ್ಸಮ್ಮನಿಗೆ ಹೇಳಿ ಕಳಿಸಿದ್ದೇನೆ.

ಕುದುರೆಯ ಹೆಸರಿನಲ್ಲಿ ಇನ್ನು ಸುಳ್ಳು ಬರೆಯುವುದಿಲ್ಲ ಅಂತ ಆಣೆ ಮಾಡಿದ್ದೇನೆ. ಆದರೆ ಒಂದೇ ಒಂದು ಕುದುರೆ ಉಳಿದಿದೆ, ಅದರ ವಿಷಯ ಕೇಳಿಬಿಡುತ್ತೇನೆ. ಗಂಡು. ಗಟ್ಟಿಮುಟ್ಟಾಗಿದೆ, ದುಡಿಮೆಗೆ ಏನೂ ಕೊರತೆಯಿಲ್ಲ. ಎರಡು ವರ್ಷದಿಂದ ಮೇವು ಅಷ್ಟಕ್ಕಷ್ಟೇ. ಸಂಜೆಯಾದರೆ ಗೇಟಿನ ಹತ್ತಿರ ಹೋಗಿ ರಸ್ತೆ ನೋಡುತ್ತಾ ನಿಲ್ಲುತ್ತದೆ. ಕರೆದರೆ ಬರುತ್ತದೆ, ಆದರೆ ಕಿವಿ ಮಾತ್ರ ಆ ಕಡೆಗೇ. ನಿನ್ನ ಹೆಸರು ಎತ್ತಿದರೆ ತಲೆ ತಗ್ಗಿಸುತ್ತದೆ. ಇದಕ್ಕೆ ಮದ್ದು ಇದ್ದರೆ ಬರೆ.

ನಿನ್ನ ಅತ್ತೆ


ಜೂನ್ ೨೦

ಅತ್ತೆಗೆ,

ನಿನ್ನೆ ಗೇಟಿನ ಬೀಗ ತೆಗೆದರು. ಎಲ್ಲಾ ಕುದುರೆಗಳೂ ಉಳಿದವು. ಬೂಟನ್ನು ಇಲ್ಲೇ ಬಿಡುತ್ತಿದ್ದೇನೆ, ಬಟ್ಟೆಯನ್ನು ಕುದಿಸಿ ಒಗೆದು ಸಮುದ್ರದ ಗಾಳಿಗೆ ಹರವಿದ್ದೇನೆ. ಕಿಟಕಿಯಿಂದ ನೋಡಿದರೆ ಯಾರೋ ಸಾಲಾಗಿ ನಿಂತು ಕೈಬೀಸಿ ಕರೆಯುತ್ತಿರುವ ಹಾಗೆ ಕಾಣುತ್ತದೆ. ಅವು ಒಣಗಿ, ಈ ಕಾಗದ ನಿಮಗೆ ತಲುಪುವ ಹೊತ್ತಿಗೆ ಹೊರಡುತ್ತೇನೆ. ಬಂದ ಮೇಲೂ ಒಂದಷ್ಟು ದಿನ ಲಾಯದೊಳಗೆ ಕಾಲಿಡುವುದಿಲ್ಲ, ಲವಂಗನನ್ನು ದೂರದಿಂದಲೇ ಮಾತಾಡಿಸುತ್ತೇನೆ. ಅಷ್ಟು ದಿನ ಮನೆಯೊಳಗೆ ನಿಮ್ಮ ಹತ್ತಿರವೇ ಇರುತ್ತೇನೆ.

ನಿಮ್ಮ ಸೂಜಿ ನಾನೇ ಹಾಕುತ್ತೇನೆ. ಈ ಸಲ ಮುಖ ಆ ಕಡೆ ತಿರುಗಿಸಿ ಕಿರುಚುವ ಹಾಗಿಲ್ಲ, ಲವಂಗ ನೋಡಿ ಕಲಿಯುತ್ತಾನೆ.

ಇನ್ನು ಆ ಕೊನೆಯ ಕುದುರೆಯ ವಿಷಯ. ಇಲ್ಲಿಂದಲೇ ಎರಡು ಸಾಲು ಬರೆದು ಕಳಿಸಬಹುದಿತ್ತು. ಹಾಗೆ ಬರೆದು ನಿಮ್ಮನ್ನು ಕಳೆದುಕೊಳ್ಳುತ್ತಿದ್ದೆ. ಮುಟ್ಟಿ ನಾಡಿ ನೋಡದೆ ಮದ್ದು ಹೇಳುವುದನ್ನು ನಾನು ಬಿಟ್ಟಿದ್ದೇನೆ ಅತ್ತೆ. ಸಂಜೆ ಬಸ್ಸಿಗೆ ಬರುತ್ತೇನೆ. ಅದನ್ನು ಗೇಟಿನ ಹತ್ತಿರವೇ ಇರಲು ಹೇಳಿ.

ನಿಮ್ಮ ಸೊಸೆ